ಹೊಳೆಗೆ ನಿದ್ದೆಯಿಲ್ಲ

ಅಮೆರಿಕದ ಕಾನ್ಸಸ್ ಸಿಟಿಯ ದಡದಲ್ಲಿ ನಿಂತು ಮಿಸೌರಿ ಹೊಳೆಗೆ ಒಂದು ಒಣಕಟ್ಟಿಗೆ ಎಸೆಯಿರಿ. ಎಲ್ಲೂ ಸಿಕ್ಕಿಬೀಳದೆ ನಡುನೀರಿನಲ್ಲೇ ತೇಲಿದರೆ, ಗಂಟೆಗೆ ಸುಮಾರು 5 ಕಿ.ಮೀ. ಸೆಳವಿನಲ್ಲಿ, 85 ಗಂಟೆ ಮುಗಿಯುವಷ್ಟರಲ್ಲಿ ಅದು 400 ಕಿ.ಮೀ. ದಾಟಿರುತ್ತದೆ. ಅದೇ ದಡದಿಂದ ಪ್ರತಿ ಬೇಸಿಗೆಯಲ್ಲೂ ನೂರಾರು ಕಯಾಕ್‌ಗಳು, ಕನೂಗಳು ಹೊರಡುತ್ತವೆ. ಅಷ್ಟೇ ಹೊತ್ತಿನಲ್ಲಿ ಅವು ಸೇಂಟ್ ಚಾರ್ಲ್ಸ್ ಊರನ್ನು ಮುಟ್ಟಬೇಕು. ದೂರ 340 ಮೈಲಿ, ಅಂದರೆ 547 ಕಿ.ಮೀ. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವುದಕ್ಕಿಂತ ಹೆಚ್ಚು. ಕಟ್ಟಿಗೆಗೂ ಮನುಷ್ಯನಿಗೂ ಇರುವ ಅಂತರ ನೂರಿಪ್ಪತ್ತು, ನೂರೈವತ್ತು ಕಿ.ಮೀ. ಮಾತ್ರ. ಇಷ್ಟೇನಾ ಅನ್ನಿಸಬಹುದು. ಆದರೆ ಕಟ್ಟಿಗೆಗೆ ಹಸಿವಿಲ್ಲ, ಅಂಗೈಯಲ್ಲಿ ಬೊಬ್ಬೆ ಏಳುವುದಿಲ್ಲ, ದಡದಲ್ಲಿ ಮಡಚುವ ಕುರ್ಚಿ ಕಂಡರೆ ಅತ್ತ ತಿರುಗುವ ಬುದ್ಧಿಯೂ ಅದಕ್ಕಿಲ್ಲ. ಈ ಸ್ಪರ್ಧೆಯಲ್ಲಿ ಸೋಲುವವರು ಬಹುಪಾಲು ನೀರಿನಲ್ಲಿ ಸೋಲುವುದಿಲ್ಲ, ಆ ಕುರ್ಚಿಯಲ್ಲಿ ಸೋಲುತ್ತಾರೆ.

ಸ್ಪರ್ಧೆಯ ಹೆಸರು ಮಿಸೌರಿ ರಿವರ್ 340. ಎಲ್ಲರ ಬಾಯಲ್ಲಿ ಎಂಆರ್ 340. ಸ್ಕಾಟ್ ಮ್ಯಾನ್ಸ್‌ಕರ್ ಎಂಬ ನದಿಪ್ರಿಯರು ಗೆಳೆಯರ ಜೊತೆ ಸೇರಿ 2006ರಲ್ಲಿ ಇದನ್ನು ಶುರುಮಾಡಿದಾಗ ಬಂದದ್ದು ಕೆಲವೇ ದೋಣಿಗಳು. ಈಗ ನಡೆಸುತ್ತಿರುವುದು ಮಿಸೌರಿ ರಿವರ್ ರಿಲೀಫ್, ನದಿಯ ಕಸ ಎತ್ತುವುದನ್ನೇ ಕಸುಬು ಮಾಡಿಕೊಂಡ ಸ್ವಯಂಸೇವಾ ಸಂಸ್ಥೆ. ಬಹಳ ವರ್ಷ 88 ಗಂಟೆಯಿದ್ದ ಗಡುವು ಈಗ 85ಕ್ಕೆ ಇಳಿದಿದೆ. ಮಂಗಳವಾರ ಬೆಳಿಗ್ಗೆ 7ಕ್ಕೆ ಒಂಟಿ ಸ್ಪರ್ಧಿಗಳು, 8ಕ್ಕೆ ಜೋಡಿಗಳು ಮತ್ತು ತಂಡಗಳು ಹೊರಡುತ್ತವೆ. ಶುಕ್ರವಾರ ರಾತ್ರಿಯೊಳಗೆ ಆಟ ಮುಗಿಯಬೇಕು. ಹೆಂಗಸರು, ಗಂಡಸರು, ಅಪ್ಪ-ಮಗಳು, ನಿವೃತ್ತರು, ಕಾಲಲ್ಲಿ ತುಳಿಯುವ ದೋಣಿಯವರು, ಹಲಗೆಯ ಮೇಲೆ ನಿಂತುಕೊಂಡೇ ಹುಟ್ಟು ಹಾಕುವವರು, ಎಲ್ಲರಿಗೂ ಜಾಗವಿದೆ. ಹಣ ಗೆಲ್ಲಲು ಯಾರೂ ಬರುವುದಿಲ್ಲ. ಅತಿ ವೇಗದ ತಂಡಗಳು ಒಂದೂವರೆ ದಿನದೊಳಗೆ ಮುಗಿಸಿ ಮನೆಗೆ ಹೋಗಿ ಮಲಗಿರುತ್ತವೆ. ಉಳಿದವರ ಕಥೆ ಆಮೇಲೆ ಶುರುವಾಗುತ್ತದೆ, ಮತ್ತು ನನ್ನ ಮಟ್ಟಿಗೆ ಹೇಳುವಂಥ ಕಥೆ ಅವರದ್ದೇ.

ಹೊರಡುವ ಜಾಗ ಕಾ ಪಾಯಿಂಟ್. ಕಾನ್ಸಸ್ ನದಿ ಮಿಸೌರಿಗೆ ಸೇರುವ ಸಂಗಮ ಅದು. 1804ರ ಮೇ 21ರಂದು ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರು ತಮ್ಮ ಪಡೆಯೊಂದಿಗೆ ಸೇಂಟ್ ಚಾರ್ಲ್ಸ್ ಬಿಟ್ಟು, ಅಮೆರಿಕದ ಪಶ್ಚಿಮವನ್ನು ಅಳೆಯಲು ಹೊಳೆಯ ಎದುರು ಹೊರಟರು. ಹುಟ್ಟು ಹಾಕಿ, ಗಳ ಊರಿ, ಹಗ್ಗ ಕಟ್ಟಿ ದಡದಿಂದ ಎಳೆದು ಈ ಸಂಗಮ ಮುಟ್ಟಿದಾಗ ಜೂನ್ 26. ತಿಂಗಳ ಮೇಲೆ ಐದಾರು ದಿನ ಹಿಡಿದಿತ್ತು. ಶಾಂತಸಾಗರ ಕಂಡು ವಾಪಸು ಬರುವಾಗ ಅದೇ ನೀರು ಬೆನ್ನಿಗಿತ್ತು. 1806ರ ಸೆಪ್ಟೆಂಬರ್ 15ರಂದು ಸಂಗಮ ದಾಟಿದವರು 21ಕ್ಕೆ ಸೇಂಟ್ ಚಾರ್ಲ್ಸ್‌ನಲ್ಲಿದ್ದರು. ಆರು ದಿನ. ಮನೆಯ ದಾರಿ ಹಿಡಿದ, ಎರಡು ವರ್ಷ ಹೊಳೆಯಲ್ಲೇ ಬೆಳೆದ ತೋಳುಗಳಿಗೆ ಆರು ದಿನ ಬೇಕಾದ ದೂರವನ್ನು ಈಗ ಕಚೇರಿಯಲ್ಲಿ ಕೂತು ದುಡಿಯುವವರು ಮೂರೂವರೆ ದಿನದಲ್ಲಿ ಮುಗಿಸಲು ಹೊರಡುತ್ತಾರೆ. ದೋಣಿ ಹಗುರವಾಗಿದೆ ಎಂಬುದು ಒಂದು ಕಾರಣ. ಹೊಳೆಯೇ ಬದಲಾಗಿದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಎಷ್ಟು ಬದಲಾಗಿದೆ ಎಂದು ನೋಡಬೇಕಾದರೆ ಕಾನ್ಸಸ್ ಸಿಟಿಯ ಮಾರುಕಟ್ಟೆ ಪಕ್ಕದ ಮ್ಯೂಸಿಯಂಗೆ ಹೋಗಬೇಕು. ಅರೇಬಿಯಾ ಎಂಬ ಉಗಿದೋಣಿ 1856ರ ಸೆಪ್ಟೆಂಬರ್‌ನಲ್ಲಿ, ನೀರಿನಡಿ ಅಡಗಿದ್ದ ಮರದ ಬೊಡ್ಡೆಗೆ ಬಡಿದು ಇದೇ ಹೊಳೆಯಲ್ಲಿ ಮುಳುಗಿತು. ಜನರೆಲ್ಲ ಬದುಕಿದರು, ಸತ್ತದ್ದು ಒಂದು ಹೇಸರಗತ್ತೆ. ಒಂದು ಕುಟುಂಬ ಅದನ್ನು ಪತ್ತೆಹಚ್ಚಿ 1988ರಲ್ಲಿ ಅಗೆದಾಗ ದೋಣಿ ಇದ್ದದ್ದು ನೀರಿನಲ್ಲಲ್ಲ, ಹೊಲದ ಅಡಿಯಲ್ಲಿ, 14 ಮೀಟರ್ ಆಳದಲ್ಲಿ. ಹೊಳೆ ಅಲ್ಲಿಂದ ಅರ್ಧ ಮೈಲಿ ದೂರ ಸರಿದು ಹೋಗಿತ್ತು. ಅಂದಿನ ಬೂಟು, ಪಿಂಗಾಣಿ, ಮುಚ್ಚಳ ತೆಗೆಯದ ಉಪ್ಪಿನಕಾಯಿ ಬಾಟಲಿಗಳು ಈಗ ಮ್ಯೂಸಿಯಂನಲ್ಲಿವೆ. ಮಿಸೌರಿ ಅಂದರೆ ಹೀಗೆ ಮನಸ್ಸು ಬಂದತ್ತ ಹರಡಿ, ಕವಲೊಡೆದು, ದ್ವೀಪ ಕಟ್ಟಿ, ಮರುವರ್ಷ ಅದನ್ನೇ ತಿಂದು ಹಾಕುತ್ತಿದ್ದ ಕೆಸರುಹೊಳೆ.

ಅದನ್ನು ಕಟ್ಟಿಹಾಕಿದ್ದು ಅಮೆರಿಕದ ಸೇನಾ ಎಂಜಿನಿಯರುಗಳು. ಸೂ ಸಿಟಿಯಿಂದ ನದಿಯ ಬಾಯಿಯವರೆಗೆ, ಸುಮಾರು 1,180 ಕಿ.ಮೀ. ಉದ್ದಕ್ಕೂ, 9 ಅಡಿ ಆಳ 300 ಅಡಿ ಅಗಲದ ಹಡಗುದಾರಿ ಇರಬೇಕೆಂದು ಅಲ್ಲಿನ ಸಂಸತ್ತು 1945ರಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸ ಮುಗಿದದ್ದು 1981ರಲ್ಲಿ. ಹೂಳೆತ್ತುವ ಕೆಲಸವನ್ನು ಹೊಳೆಯ ಕೈಯಲ್ಲೇ ಮಾಡಿಸುವುದು ಅವರ ಉಪಾಯವಾಗಿತ್ತು. ದಡದಿಂದ ನಡುಹೊಳೆಯತ್ತ ಸಾಲು ಸಾಲಾಗಿ ಕಲ್ಲಿನ ಒಡ್ಡು ಚಾಚಿದರು. ಅವುಗಳ ಹಿಂದೆ ನೀರು ನಿಧಾನವಾಗಿ ಮರಳು ಬಿಡುತ್ತದೆ, ಮುಂದೆ ಇಕ್ಕಟ್ಟಿನಲ್ಲಿ ಸಿಕ್ಕ ನೀರು ರಭಸದಿಂದ ತಳ ಕೆರೆದುಕೊಂಡು ಓಡುತ್ತದೆ. ತಿರುವಿನ ಹೊರದಂಡೆಗೆ ಕಲ್ಲು ಹಾಸಿ ಕುಸಿತ ತಡೆದರು. ಮೀನಿಗೆ, ಹಕ್ಕಿಗೆ, ಜೌಗುಭೂಮಿಗೆ ಇದರಿಂದ ಆದ ನಷ್ಟ ದೊಡ್ಡದು, ಅದನ್ನು ತಕ್ಕಮಟ್ಟಿಗಾದರೂ ಸರಿಪಡಿಸಲು ಇಂದಿಗೂ ಹಣ ಸುರಿಯುತ್ತಿದ್ದಾರೆ. ಆದರೆ ಕಯಾಕಿನವರಿಗೆ ಸಿಕ್ಕಿದ್ದು ಮಾತ್ರ ಎಲ್ಲೂ ನಿಲ್ಲದ, ಹಗಲೂ ರಾತ್ರಿ ಒಂದೇ ಸಮನೆ ಓಡುವ ಹೆದ್ದಾರಿ. ಕಟ್ಟಕಡೆಯ ಅಣೆಕಟ್ಟು ಗ್ಯಾವಿನ್ಸ್ ಪಾಯಿಂಟ್, ನದಿಯ ಬಾಯಿಂದ 1,300 ಕಿ.ಮೀ. ಮೇಲಿದೆ. ಅಲ್ಲಿಂದ ಕೆಳಗೆ ಹೊಳೆಗೆ ಅಡ್ಡವಾಗಿ ಏನೂ ಇಲ್ಲ. ಬೇಸಿಗೆಯಲ್ಲಿ ಸರಕುದೋಣಿಗಳಿಗೆಂದು ಅಲ್ಲಿ ಬಿಡುವ ನೀರೇ ಸ್ಪರ್ಧೆಯ ದಿನ ಕಯಾಕಿನವರ ಬೆನ್ನು ನೂಕುತ್ತದೆ.

ಹೆದ್ದಾರಿ ಅಂದೆನಲ್ಲ, ಅದರಲ್ಲಿ ಎಲ್ಲ ಲೇನೂ ಒಂದೇ ವೇಗದಲ್ಲಿ ಓಡುವುದಿಲ್ಲ. ತಿರುವಿನ ಹೊರಬದಿಯಲ್ಲಿ ನೀರು ಆಳ, ಜೋರು. ಒಳಬದಿಯಲ್ಲಿ ಮರಳುದಿಬ್ಬ, ಸತ್ತ ನೀರು. ಹೊಸಬರು ನಕಾಶೆ ನೋಡಿ ಒಳತಿರುವಿನಲ್ಲಿ ನೆಟ್ಟಗೆ ಹೋದರೆ ದೂರ ಉಳಿಯಿತು ಎಂದುಕೊಳ್ಳುತ್ತಾರೆ. ಉಳಿಯುವುದು ನೂರು ಮೀಟರ್, ಕಳೆದುಕೊಳ್ಳುವುದು ಗಂಟೆಗೆ ಎರಡು ಕಿ.ಮೀ. ವೇಗ. ಪಳಗಿದವರು ಒಂದು ತಿರುವಿನ ಹೊರದಂಡೆಯಿಂದ ಮುಂದಿನ ತಿರುವಿನ ಹೊರದಂಡೆಗೆ ಓರೆಯಾಗಿ ದಾಟುತ್ತಾರೆ. ಎಲ್ಲಿ ದಾಟಬೇಕು ಎಂಬುದಕ್ಕೆ ದಡದ ಮೇಲೆ ಹಡಗಿನವರಿಗಾಗಿ ನಿಲ್ಲಿಸಿದ ಕೆಂಪು, ಹಸಿರು ಫಲಕಗಳಿವೆ. ಅವನ್ನು ಓದಲು ಕಲಿತವರಿಗೆ ಯಂತ್ರದ ನಕಾಶೆ ಬೇಕಿಲ್ಲ.

ಒಡ್ಡುಗಳನ್ನು ಓದುವುದು ಇನ್ನೊಂದು ವಿದ್ಯೆ. ನೀರು ಕಡಿಮೆಯಿದ್ದಾಗ ಅವು ಕಾಣುತ್ತವೆ. ನೀರು ಒಂದೆರಡು ಅಡಿ ಏರಿದರೆ ಕಲ್ಲು ಮುಳುಗಿ, ಮೇಲೆ ನುಣ್ಣನೆ ಒಂದು ಉಬ್ಬು, ಅದರ ಹಿಂದೆ ನೊರೆಯ ಸಾಲು ಮಾತ್ರ ಉಳಿಯುತ್ತದೆ. ಆ ಉಬ್ಬಿನ ಹಿಂದೆ ನೀರು ಹಿಮ್ಮುಖವಾಗಿ ಸುತ್ತುತ್ತಿರುತ್ತದೆ. ಮೂತಿ ಸುಳಿಗೆ ಸಿಕ್ಕಿ, ಬಾಲ ಸೆಳವಿನಲ್ಲೇ ಉಳಿದರೆ ದೋಣಿ ಗಿರಕ್ಕನೆ ತಿರುಗುತ್ತದೆ. ಮಗುಚುವುದು ಸಾಮಾನ್ಯವಾಗಿ ಅಲ್ಲೇ. ಹಡಗುದಾರಿ ತೋರಿಸುವ ಕಬ್ಬಿಣದ ತೇಲುಗುರುತುಗಳೂ ಕಡಿಮೆ ಅಪಾಯದವಲ್ಲ. ಸೆಳವಿನ ಒತ್ತಡಕ್ಕೆ ಕೆಲವು ಪೂರ್ತಿ ನೀರೊಳಗೆ ಹೋಗಿ, ಕ್ಷಣ ಬಿಟ್ಟು ದಬಕ್ಕನೆ ಮೇಲೇಳುತ್ತವೆ. ರಾತ್ರಿ ಅವು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತವೆ. ಸಣ್ಣ ಜಲಪಾತದಂಥ ಸದ್ದು ಎದುರಿನಿಂದ ಬಂದರೆ ಯಾವ ಬದಿಗೆ ಸರಿಯಬೇಕೆಂದು ಆಗಲೇ ನಿರ್ಧರಿಸಬೇಕು.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಸ್ಪರ್ಧೆಯ ಜೀವಾಳ ಅಲ್ಲಿದೆ. ನಿಂತ ನೀರಿನಲ್ಲಿ ಸಾಧಾರಣ ಅಭ್ಯಾಸವಿರುವವರು ಉದ್ದನೆಯ ಕಯಾಕಿನಲ್ಲಿ ಗಂಟೆಗೆ ಐದೂವರೆ ಕಿ.ಮೀ. ಸುಸ್ತಾಗದೆ ಹೋಗಬಲ್ಲರು. ಸೆಳವಿನ ಐದು ಸೇರಿಸಿದರೆ ಹತ್ತೂವರೆ. ಆ ಲೆಕ್ಕದಲ್ಲಿ 547 ಕಿ.ಮೀ.ಗೆ 52 ಗಂಟೆ ಸಾಕು. ಉಳಿದ 33 ಗಂಟೆ ಊಟಕ್ಕೆ, ನಿದ್ದೆಗೆ. ಕಾಗದದ ಮೇಲೆ ಧಾರಾಳ ಸಮಯ! ಇಬ್ಬರನ್ನು ಹೋಲಿಸಿ ನೋಡಿ. ಒಬ್ಬ ಗಟ್ಟಿಗ, ಗಂಟೆಗೆ 12 ಕಿ.ಮೀ. ಹೋಗುತ್ತಾನೆ, ಆದರೆ ದಾರಿಯಲ್ಲಿನ ಪ್ರತಿ ನಿಲ್ದಾಣದಲ್ಲೂ ಇಳಿದು ಒಟ್ಟು 30 ಗಂಟೆ ದಡದಲ್ಲಿ ಕಳೆಯುತ್ತಾನೆ. ಅವನಿಗೆ ಹಿಡಿಯುವುದು ಸುಮಾರು 76 ಗಂಟೆ. ಇನ್ನೊಬ್ಬಾಕೆ ಗಂಟೆಗೆ ಒಂಬತ್ತೂವರೆ ಕಿ.ಮೀ.ಯವಳು, ದಡದಲ್ಲಿ ಇರುವುದು ಒಟ್ಟು 12 ಗಂಟೆ. ಆಕೆ 70 ಗಂಟೆಯೊಳಗೆ ಮುಗಿಸಿರುತ್ತಾಳೆ. ಎರಡು ವರ್ಷ ಜಿಮ್ಮಿಗೆ ಹೋಗಿ ಗಳಿಸುವ ವೇಗಕ್ಕಿಂತ, ಹತ್ತು ನಿಲ್ದಾಣದಲ್ಲಿ ತಲಾ ಅರ್ಧ ಗಂಟೆ ಬೇಗ ಎದ್ದು ಹೊರಡುವುದು ಹೆಚ್ಚು ಲಾಭ. ಅನುಭವಿಗಳು ದೋಣಿಯಲ್ಲೇ ತಿನ್ನುತ್ತಾರೆ, ಹಗಲು ನೆಟ್ಟನೆಯ ಹರವಿನಲ್ಲಿ ಐದು ನಿಮಿಷ ಹುಟ್ಟು ಮಡಿಲಲ್ಲಿಟ್ಟು ತೇಲುತ್ತಾರೆ. ಆ ಐದು ನಿಮಿಷದಲ್ಲೂ ಹೊಳೆ ನಾನೂರು ಮೀಟರ್ ಮುಂದೆ ಸಾಗಿಸುತ್ತದೆ. ದಡದ ಐದು ನಿಮಿಷಕ್ಕೆ ಸಿಗುವುದು ಸೊನ್ನೆ.

ಗಡುವಿನ ವೇಗದಲ್ಲೇ ಎಲ್ಲರ ಹಿಂದೆ ಒಂದು ಮೋಟಾರು ದೋಣಿ ಬರುತ್ತದೆ. ಅದಕ್ಕೆ ರೀಪರ್ ಎಂದು ಹೆಸರು, ಪಾಶ್ಚಾತ್ಯರ ಕುಡುಗೋಲು ಹಿಡಿದ ಸಾವು. ನಮ್ಮ ಕಡೆಯಾದರೆ ಯಮ, ಕೋಣದ ಬದಲು ಮೋಟಾರು. ಅದು ನಿಲ್ದಾಣ ಮುಟ್ಟುವ ಮೊದಲು ನೀವು ಅಲ್ಲಿರಬೇಕು. ಇಲ್ಲವಾದರೆ ನಿಮ್ಮ ಪಾಲಿನ ಹೊಳೆ ಮುಗಿಯಿತು.

ಈ ಸ್ಪರ್ಧೆಯನ್ನು ನಾನು ಕಂಡದ್ದು ದಡದಿಂದ. ಸೇಂಟ್ ಲೂಯಿಸ್‌ನಲ್ಲಿ ಕೆಲಸಕ್ಕಿದ್ದ ದಾವಣಗೆರೆ ಕಡೆಯ ಗೆಳೆಯ ಒಂಟಿ ಕಯಾಕಿನಲ್ಲಿ ಹೆಸರು ಕೊಟ್ಟಾಗ, ದಡದ ತಂಡಕ್ಕೆ ಯಾರೂ ಸಿಗದೆ ನನ್ನನ್ನು ಕರೆದ. ದಡದ ತಂಡದವರು ಕಾರಿನಲ್ಲಿ ಊರಿಂದೂರಿಗೆ ಹಿಂಬಾಲಿಸಿ ನೀರು, ಊಟ, ಬ್ಯಾಟರಿ, ಒಣಬಟ್ಟೆ ಕೊಡಬೇಕು. ಲೆಕ್ಸಿಂಗ್ಟನ್, ವೇವರ್ಲಿ, ಮಯಾಮಿ, ಗ್ಲಾಸ್ಗೋ, ಕೂಪರ್ಸ್ ಲ್ಯಾಂಡಿಂಗ್, ಮಿಸೌರಿ ರಾಜ್ಯದ ರಾಜಧಾನಿ ಜೆಫರ್ಸನ್ ಸಿಟಿ, ದ್ರಾಕ್ಷಾರಸಕ್ಕೆ ಹೆಸರಾದ ಜರ್ಮನ್ನರ ಹರ್ಮನ್, ಕ್ಲಾಂಡೈಕ್. ಕಾರಿನಲ್ಲಿ ಹೋಗುವವರಿಗೆ ಇದು ಚೆಂದದ ಪ್ರವಾಸ ಅನ್ನಿಸಿದರೆ, ನಡುರಾತ್ರಿ ಹೊಲದ ನಡುವಿನ ಮಣ್ಣುರಸ್ತೆಯಲ್ಲಿ ದೋಣಿಕಟ್ಟೆ ಹುಡುಕಿ ನೋಡಬೇಕು.

ಮಯಾಮಿ ಅಂದರೆ ಫ್ಲಾರಿಡಾದ್ದಲ್ಲ. ಇನ್ನೂರು ಜನರೂ ಇಲ್ಲದ ಹಳ್ಳಿ, ಹೊರಟಲ್ಲಿಂದ ಸುಮಾರು 170 ಕಿ.ಮೀ. ಮಧ್ಯರಾತ್ರಿ ಕಳೆದಿತ್ತು. ಕಾಂಕ್ರೀಟಿನ ಇಳಿಜಾರಿನ ಎರಡೂ ಬದಿಗೆ ಟೆಂಟು, ಕುರ್ಚಿ, ಸೊಳ್ಳೆ. ಕತ್ತಲೆಯೊಳಗಿಂದ ಒಂದೊಂದೇ ಜೋಡಿದೀಪ ಬರುತ್ತಿತ್ತು, ಮೂತಿಯಲ್ಲಿ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ಹಸಿರು. ಯಾರ ದೋಣಿ ಎಂದು ಗೊತ್ತಾಗುತ್ತಿದ್ದದ್ದು ಹತ್ತಿರ ಬಂದ ಮೇಲೆ. ಪ್ರತಿ ದೀಪಕ್ಕೂ ದಡದಿಂದ ಹತ್ತಾರು ಹೆಸರು ಕೂಗುತ್ತಿದ್ದರು. ನಾನೂ ಕೂಗಿ ಕೂಗಿ ಗಂಟಲು ಕಟ್ಟಿಕೊಂಡ ಮೇಲೆ ಅವನು ಬಂದ.

ದೋಣಿ ಮೂತಿ ಹಿಡಿದು ಎಳೆದುಕೊಂಡು ಮುಖಕ್ಕೆ ಟಾರ್ಚ್ ಬಿಟ್ಟೆ. ‘ಲೇ, ಅದನ್ನ ಆರಿಸೋ, ಕಣ್ಣು ಕುಕ್ಕತೈತಿ’ ಅಂದ. ಕುರ್ಚಿ ತೋರಿಸಿದೆ. ‘ಬ್ಯಾಡ. ಕುಂತ್ರೆ ಏಳಾಕಾಗಲ್ಲ. ನಿಂತೇ ತಿಂತೀನಿ, ಕೊಡು.’ ಮೊಣಕಾಲುದ್ದ ನೀರಲ್ಲಿ ನಿಂತೇ ಡಬ್ಬಿಯಿಂದ ಮೊಸರನ್ನ ತಿಂದ. ಬೆರಳು ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ಇಡೀ ದಿನ ಹುಟ್ಟಿನ ಕೋಲು ಹಿಡಿದ ಬಾಗಿನಲ್ಲೇ ಅವು ನಿಂತುಬಿಟ್ಟಿದ್ದವು. ಚಮಚವನ್ನು ಆ ಬಾಗಿಗೆ ನಾನೇ ಸಿಕ್ಕಿಸಬೇಕಾಯಿತು. ಅಂಗೈ ಬೆಳ್ಳಗೆ ನೆನೆದು, ಹೆಬ್ಬೆರಳ ಬುಡದಲ್ಲಿ ಚರ್ಮ ಎದ್ದಿತ್ತು. ಒರೆಸಿ, ಒಣಗಿಸಿ, ಟೇಪು ಸುತ್ತಿದೆ. ನಿಂಬೆಹಣ್ಣಿನ ಉಪ್ಪಿನಕಾಯಿಯ ರಸವನ್ನು ಬಾಟಲಿ ನೀರಿಗೆ ಬೆರೆಸಿಕೊಂಡ. ಪಕ್ಕದ ಅಮೆರಿಕನ್ ತಂಡದವರು ಅದೇನೆಂದು ಕೇಳಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಹೌಹಾರಿದರು. ಕಾರಿನಲ್ಲಿ ಒಂದೂವರೆ ಗಂಟೆ ಮಲಗಿದ. ಎಬ್ಬಿಸಿದಾಗ ಬಯ್ದ, ಹೊರಟ. ಶುಕ್ರವಾರ ಮಧ್ಯಾಹ್ನ ಸೇಂಟ್ ಚಾರ್ಲ್ಸ್ ಮುಟ್ಟಿದ, ಗಡುವಿಗೆ ಇನ್ನೂ ಕೆಲವು ಗಂಟೆಯಿತ್ತು.

ಆ ಉಪ್ಪಿನಕಾಯಿ ರಸ ತಮಾಷೆಯಲ್ಲ. ಜುಲೈ-ಆಗಸ್ಟ್‌ನಲ್ಲಿ ಮಿಸೌರಿ ಬಿಸಿಲು 35 ಡಿಗ್ರಿ ದಾಟುವುದುಂಟು, ನೀರಿನಿಂದ ಪ್ರತಿಫಲಿಸುವ ಬಿಸಿಲು ಬೇರೆ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬದೆ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಮೊದಲು ತಲೆನೋವು, ಓಕರಿಕೆ, ಆಮೇಲೆ ಬುದ್ಧಿಯ ಗೊಂದಲ. ಬಾಯಾರಿಕೆ ಎಂದು ಇನ್ನಷ್ಟು ನೀರು ಕುಡಿದರೆ ಇನ್ನಷ್ಟು ಕೆಡುಕು. ಊಟದ ಲೆಕ್ಕವೂ ಹೀಗೆಯೇ. ಗಂಟೆಗೆ ಮುನ್ನೂರು, ನಾನೂರು ಕ್ಯಾಲೊರಿ ಖರ್ಚಾಗುತ್ತದೆ, ಅಷ್ಟನ್ನೂ ಹೊಟ್ಟೆ ತೆಗೆದುಕೊಳ್ಳುವುದಿಲ್ಲ. ಎರಡನೆಯ ದಿನಕ್ಕೆ ಸಿಹಿ ಜೆಲ್ ಕಂಡರೆ ವಾಕರಿಕೆ ಬರುತ್ತದೆ. ಆಗ ನಾಲಿಗೆಗೆ ಪರಿಚಯವಿರುವ ಖಾರ, ಉಪ್ಪು, ಅನ್ನವೇ ಗತಿ. ಈ ವಿಷಯದಲ್ಲಿ ನಮ್ಮ ಬುತ್ತಿ ಅವರ ಪೊಟ್ಟಣಗಳಿಗಿಂತ ವಾಸಿ ಎಂಬುದು ನನ್ನ ಪಕ್ಷಪಾತದ ತೀರ್ಪು.

ಹುಟ್ಟು ಹಾಕುವುದು ತೋಳಿನ ಕೆಲಸವಲ್ಲ. ನಿಮಿಷಕ್ಕೆ ಅರವತ್ತು ಬೀಸಿನಂತೆ ಐವತ್ತು ಗಂಟೆಗೆ 1,80,000 ಬೀಸು. ರಟ್ಟೆಯಿಂದ ಎಳೆದರೆ ಮೊದಲ ಸಂಜೆಯೇ ಮುಗಿಯಿತು. ಹಿಮ್ಮಡಿ ಒತ್ತಿ, ಸೊಂಟದಿಂದ ಭುಜದವರೆಗೆ ಮೈ ತಿರುಗಿಸಿ, ತೋಳನ್ನು ಬರೀ ಕೊಂಡಿಯಂತೆ ಬಳಸಬೇಕು. ಕೋಲನ್ನು ಸಡಿಲವಾಗಿ ಹಿಡಿಯಬೇಕು. ಬಿಗಿಹಿಡಿತದವರಿಗೆ ಮುಂಗೈಯ ಸ್ನಾಯುರಜ್ಜು ಊದಿಕೊಂಡು, ಮಣಿಕಟ್ಟು ಅಲ್ಲಾಡಿಸಿದರೆ ಒಳಗೆ ಕಿರುಗುಟ್ಟಿದಂತಾಗುತ್ತದೆ. ಅದು ಬಂದವರು ಬಹುತೇಕ ಮನೆಗೆ. ಇನ್ನು ಕೂತ ಜಾಗದ ಕಥೆ. ಒದ್ದೆ ಬಟ್ಟೆ, ಉಪ್ಪು, ಉಜ್ಜಾಟ ಸೇರಿ ಎರಡನೆಯ ದಿನಕ್ಕೆ ಕುಂಡೆ ಹುಣ್ಣಾಗುತ್ತದೆ. ಹಸುಗೂಸುಗಳಿಗೆ ಹಚ್ಚುವ ಮುಲಾಮಿಗೆ ಈ ಹೊಳೆಯ ದಡದಲ್ಲಿ ಎಷ್ಟು ಬೇಡಿಕೆಯಿದೆ ಎಂದು ನೋಡಿದರೆ ಕಂಪನಿಯವರಿಗೆ ಆಶ್ಚರ್ಯವಾದೀತು. ಮೂತ್ರಕ್ಕೆ ಅಗಲ ಬಾಯಿಯ ಬಾಟಲಿ. ಹೆಂಗಸರಿಗಾಗಿ ಬೇರೆ ಸಾಧನ ಸಿಗುತ್ತದೆ, ಅದನ್ನು ಮನೆಯಲ್ಲೇ ಅಭ್ಯಾಸ ಮಾಡಿ ಬನ್ನಿ ಎಂದು ಹಳಬರು ಸಂಕೋಚವಿಲ್ಲದೆ ಹೇಳುತ್ತಾರೆ.

ದೋಣಿ ಆರಿಸುವಾಗಲೂ ಇದೇ ವ್ಯಾವಹಾರಿಕ ಬುದ್ಧಿ ಬೇಕು. ಉದ್ದ ಹೆಚ್ಚಿದಷ್ಟೂ, ಅಗಲ ಕಡಿಮೆಯಾದಷ್ಟೂ ವೇಗ ಹೆಚ್ಚು. 18 ಅಡಿಯ ಕಾರ್ಬನ್ ಕಯಾಕ್ ಬಾಣದಂತೆ ಹೋಗುತ್ತದೆ, ಆದರೆ ಸವಾರ ಎಚ್ಚರವಿರುವ ತನಕ. ಮೂರನೆಯ ರಾತ್ರಿ ತೂಕಡಿಸುವ ಮೈಗೆ ಬೇಕಾದದ್ದು ಒಂದಿಷ್ಟು ಅಗಲದ, ಕ್ಷಮಿಸುವ ದೋಣಿ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ನಿದ್ದೆಯ ವಿಷಯ ಬಂತು. ಬೆಳಗಿನ ಜಾವ ಮೂರರಿಂದ ಐದರವರೆಗೆ ಮೈಯ ಗಡಿಯಾರ ತೀರಾ ತಗ್ಗಿನಲ್ಲಿರುತ್ತದೆ. ಕಣ್ಣು ತೆರೆದೇ ಕೆಲವು ಕ್ಷಣ ನಿದ್ದೆ ಹೋಗುವುದು ಆಗಲೇ. ಹುಟ್ಟು ಬೀಸುತ್ತಲೇ ಇರುತ್ತದೆ, ಮನುಷ್ಯ ಇರುವುದಿಲ್ಲ. ಎರಡನೆಯ, ಮೂರನೆಯ ರಾತ್ರಿ ಇಲ್ಲದ್ದೂ ಕಾಣತೊಡಗುತ್ತದೆ. ದಡದ ಮರಗಳು ಸಾಲಾಗಿ ನಿಂತ ಜನರಾಗುತ್ತವೆ, ನೀರಿನ ಮೇಲೆ ಗೋಡೆ ಏಳುತ್ತದೆ, ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಗೆಳೆಯನಿಗೆ ಜೆಫರ್ಸನ್ ಸಿಟಿಯ ಆಚೆ ಉದ್ದಕ್ಕೂ ಮದುವೆ ಛತ್ರಗಳು ಕಂಡವಂತೆ. ಇಂಥವನ್ನು ಸ್ಪರ್ಧಿಗಳು ನಗುತ್ತಾ ಹೇಳಿಕೊಳ್ಳುತ್ತಾರೆ. ನನಗೆ ಅಷ್ಟು ನಗು ಬರಲಿಲ್ಲ. ಗೋಡೆ ಕಂಡರೆ ಪಕ್ಕಕ್ಕೆ ಸರಿಯುವವರು, ನಿಜವಾದ ಸೇತುವೆ ಕಂಬ ಎದುರಾದಾಗ ಅದೂ ಭ್ರಮೆಯೆಂದು ನೆಟ್ಟಗೆ ನುಗ್ಗಿಬಿಟ್ಟರೆ? ಕಾಣದ್ದು ಕಾಣಲು ಶುರುವಾದರೆ ದಡಕ್ಕೆ ಬಂದು ಇಪ್ಪತ್ತು ನಿಮಿಷ ಮಲಗಬೇಕು, ಲೆಕ್ಕಾಚಾರ ಏನೇ ಇರಲಿ. ಗಡುವನ್ನು ಗಟ್ಟಿಯಾಗಿ ಹಿಡಿದುಕೊಂಡವರೂ ಇಲ್ಲಿ ಬಿಟ್ಟುಕೊಡಲೇಬೇಕು.

ಹೊಳೆಯಲ್ಲಿ ನಿಜವಾದ ದೈತ್ಯರು ಬಾರ್ಜ್‌ಗಳು. ಗೊಬ್ಬರ, ಧಾನ್ಯ, ಮರಳು ಹೇರಿಕೊಂಡ ತೇಲುಪೆಟ್ಟಿಗೆಗಳನ್ನು ಒಂದಕ್ಕೊಂದು ಬಿಗಿದು, ಹಿಂದಿನಿಂದ ಒಂದು ಟೋ ಬೋಟ್ ನೂಕುತ್ತದೆ. ಮುಂದೆ ಬಹುದೂರದ ತನಕ ಚಾಲಕನಿಗೆ ನೀರೇ ಕಾಣುವುದಿಲ್ಲ, ಕಂಡರೂ ಥಟ್ಟನೆ ನಿಲ್ಲಿಸಲಾಗದು. ಬಾರ್ಜ್ ಬಂದರೆ ಹಡಗುದಾರಿ ಬಿಟ್ಟು ಬದಿಗೆ ಸರಿದು ಕಾಯುವುದು, ಅದು ದಾಟಿದ ಮೇಲೆ ಅಲೆಗಳಿಗೆ ಮೂತಿ ಒಡ್ಡಿ ನಿಲ್ಲುವುದು, ಇಷ್ಟೇ ನಿಯಮ. ಲಂಗರು ಹಾಕಿ ನಿಂತ ಮರಳೆತ್ತುವ ಯಂತ್ರ ಅದಕ್ಕಿಂತ ಕೆಟ್ಟದ್ದು. ಸೆಳವು ಅದರ ಅಡಿಗೇ ಎಳೆಯುತ್ತದೆ, ಲಂಗರಿನ ತಂತಿ ನೀರಿನ ಮಟ್ಟದಲ್ಲೇ ಬಿಗಿದಿರುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲೇ ಸ್ಪರ್ಧೆ ಇಟ್ಟುಕೊಳ್ಳಲು ಆಯೋಜಕರು ನೋಡುವುದು ಚೆಂದಕ್ಕಾಗಿ ಮಾತ್ರವಲ್ಲ. ಆದರೂ ಬೆಳಗಿನ ಜಾವ ಮಂಜು ಇಳಿದರೆ ಚಂದ್ರನೂ ಕೈಕೊಡುತ್ತಾನೆ. ಹುಟ್ಟಿನ ತುದಿಯೇ ಕಾಣದಾಗ ದಡ ಹಿಡಿದು ಬಿಸಿಲೇರುವ ತನಕ ಕೂರಬೇಕು. ಮಂಜಿನಲ್ಲಿ ಕಳೆಯುವ ಈ ಎರಡು ಮೂರು ಗಂಟೆಯನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳದವರು ಕೊನೆಗೆ ರೀಪರ್ ಕೈಗೆ ಸಿಗುತ್ತಾರೆ. ನೆರೆ ಬಂದ ವರ್ಷ ಸ್ಪರ್ಧೆಯನ್ನೇ ಮುಂದೂಡಿದ್ದೂ ಉಂಟು.

ನಮ್ಮ ಹೊಳೆಗಳಲ್ಲಿ ಇಂಥದ್ದೊಂದು ಏಕಿಲ್ಲ ಎಂದು ಕೇಳುವವರಿದ್ದಾರೆ. ಹಂಪಿಯಲ್ಲಿ ತುಂಗಭದ್ರೆ ದಾಟಲು ಇಂದಿಗೂ ಹರಿಗೋಲು ಹತ್ತುವ ನಾಡಿಗೆ ನೀರಿನ ಭಯವೇನೂ ಇಲ್ಲ. ಅಡ್ಡಿಯಿರುವುದು ಹೊಳೆಗಳಲ್ಲೇ. ಮಳೆಗಾಲದಲ್ಲಿ ಅವು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಬೇಸಿಗೆಯಲ್ಲಿ ಬಂಡೆ ತೋರಿಸುತ್ತವೆ. ಕೃಷ್ಣೆಗೆ ಆಲಮಟ್ಟಿ, ನಾರಾಯಣಪುರ, ಕಾವೇರಿಗೆ ಕನ್ನಂಬಾಡಿ, ತುಂಗಭದ್ರೆಗೆ ಹೊಸಪೇಟೆಯ ಅಣೆಕಟ್ಟು, ಕಾಳಿಗೆ ಸೂಪಾದಿಂದ ಕದ್ರಾವರೆಗೆ ಒಂದರ ಕೆಳಗೊಂದು. ಐನೂರು ಕಿ.ಮೀ. ಅಡೆತಡೆಯಿಲ್ಲದೆ ವರ್ಷವಿಡೀ ಸಮನೆ ಹರಿಯುವ ನೀರು ನಮ್ಮಲ್ಲಿಲ್ಲ. ಕಾಳಿಯಲ್ಲಿ ದಾಂಡೇಲಿ, ಗಣೇಶಗುಡಿಯ ಸುತ್ತ ಕಯಾಕ್ ಕಲಿಯಬಹುದು, ಆದರೆ ಅದು ಬಂಡೆ-ರಭಸಗಳ ಬೇರೆಯೇ ಆಟ. ಜೊತೆಗೆ ದಾಂಡೇಲಿಯ ಹೊಳೆಯಲ್ಲಿ ಮೊಸಳೆಗಳಿವೆ, ಸ್ಥಳೀಯರನ್ನು ಕೇಳದೆ ಇಳಿಯಬಾರದು. ದೂರದ ರುಚಿ ನೋಡಲು ಪಕ್ಕದ ಕೇರಳ ವಾಸಿ. ಚಾಲಿಯಾರ್ ಹೊಳೆಯಲ್ಲಿ ನಿಲಂಬೂರಿನಿಂದ, ಉರು ಹಡಗು ಕಟ್ಟುವ ಬೇಪೂರಿನವರೆಗೆ 68 ಕಿ.ಮೀ. ದೂರವನ್ನು ಮೂರು ದಿನದಲ್ಲಿ, ದಾರಿಯಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಾ ಸಾಗುವ ಸಾಮೂಹಿಕ ಯಾನ ನಡೆಯುತ್ತದೆ. ಅದು ಸ್ಪರ್ಧೆಯಲ್ಲ, ಮೊದಲ ಪಾಠಕ್ಕೆ ಸ್ಪರ್ಧೆ ಬೇಕಾಗಿಯೂ ಇಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಓಡುವವರು, ಸೈಕಲ್ ತುಳಿಯುವವರು ಬೇಕಾದಷ್ಟಿದ್ದಾರೆ. ಅವರಲ್ಲಿ ಯಾರನ್ನಾದರೂ ಮಿಸೌರಿ ಹೊಳೆ ಸೆಳೆದರೆ ಎರಡು ಮಾತು. ಈಜು ಬಾರದಿದ್ದರೆ ಮೊದಲು ಈಜು ಕಲಿಯಿರಿ, ಬಂದರೂ ಲೈಫ್ ಜಾಕೆಟ್ ಬಿಚ್ಚಬೇಡಿ. ಕೆರೆಯಲ್ಲಿ ಮಗುಚಿ, ನೀರಿನಿಂದಲೇ ಮತ್ತೆ ದೋಣಿ ಏರುವುದನ್ನು ಬೇಸರ ಬರುವಷ್ಟು ಅಭ್ಯಾಸ ಮಾಡಿ. ಒಂದು ಇಡೀ ರಾತ್ರಿ, ಸ್ಪರ್ಧೆಗೆ ತಿಂಗಳು ಮೊದಲೇ, ಜೊತೆಗಾರರೊಂದಿಗೆ ಹೊಳೆಯಲ್ಲಿ ಕಳೆಯಿರಿ. ಎಲ್ಲಕ್ಕಿಂತ ಮೊದಲು ಒಂದು ವರ್ಷ ಬೇರೆ ಯಾರದಾದರೂ ದಡದ ತಂಡಕ್ಕೆ ಸೇರಿ. ಕಾರು, ಟಾರ್ಚ್, ಟೇಪು, ತಾಳ್ಮೆ ಇದ್ದರೆ ಸಾಕು, ಹೊಸಬರನ್ನು ಅಲ್ಲಿ ಯಾರೂ ಬೇಡವೆನ್ನುವುದಿಲ್ಲ.